ಓಣಿಯ ಎಡಬದಿಗೆ ಮಾತ್ರ ಹೊಗೆ

ಸೊಳ್ಳೆ ಓಡಿಸುವ ಹೊಗೆ ಯಂತ್ರ ನಾನು. ಮನುಷ್ಯರ ಮಗು ಅಳುತ್ತ ಹುಟ್ಟುತ್ತದೆ, ನಾನು ಗರ್ಜಿಸುತ್ತ ಹುಟ್ಟಿದೆ. ದೂರದ ಕಾರ್ಖಾನೆಯೊಂದರಲ್ಲಿ ಉಕ್ಕಿನ ತಗಡನ್ನು ಸುತ್ತಿ ನನಗೆ ಉದ್ದನೆಯ ಮೂತಿ ಮಾಡಿದರು. ಒಂದು ಮಗ್ಗುಲಿಗೆ ಪೆಟ್ರೋಲಿನ ಪುಟ್ಟ ಹೊಟ್ಟೆ, ಇನ್ನೊಂದು ಮಗ್ಗುಲಿಗೆ ಡೀಸೆಲ್ಲಿನಲ್ಲಿ ಕಲಸಿದ ಔಷಧಿಯ ದೊಡ್ಡ ಹೊಟ್ಟೆ. ಕೆಲಸಗಾರನೊಬ್ಬ ಕೈಪಂಪನ್ನು ಹತ್ತಿಪ್ಪತ್ತು ಸಲ ಒತ್ತಿ ಗುಂಡಿ ಅದುಮಿದ. ನನ್ನೊಳಗೆ ಕಿಡಿ ಹಾರಿತು. ಡರ್‍ರ್‍ರ್! ಕೋಣೆಯ ಕಿಟಕಿಗಳೆಲ್ಲ ನಡುಗಿದವು. ಎದೆಯಲ್ಲಿ ಬೆಂಕಿ, ಬಾಯಲ್ಲಿ ಮೋಡ! ಭಗವಂತನು ನನಗೆ ಕೊಟ್ಟಷ್ಟನ್ನು ಇನ್ನಾವ ಯಂತ್ರಕ್ಕೂ ಕೊಟ್ಟಿರಲಾರನೆಂದು ಆ ದಿನ ಹಿಗ್ಗಿದೆ.

ಹೊನ್ನಿಕೊಪ್ಪ ನಗರಸಭೆಯವರು ನನ್ನನ್ನು ಕೊಂಡರು. ಆರೋಗ್ಯ ಶಾಖೆಯ ಅಂಗಳದಲ್ಲಿ ನನ್ನ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ನಗರಸಭೆಯ ಹೆಸರು ಬರೆಸಿ, ಮಕ್ತುಮ್‌ಸಾಬನ ಕೈಗೆ ಒಪ್ಪಿಸಿದರು. ಅವನು ಐವತ್ತು ದಾಟಿದ ಮನುಷ್ಯ, ಗಿಡ್ಡ, ಗಟ್ಟಿ, ಮಾತು ಕಡಿಮೆ. ನನ್ನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಳ್ಳುವ ಮೊದಲು "ಬಿಸ್ಮಿಲ್ಲಾ" ಎನ್ನುವನು. ಆ ಒಂದು ಮಾತಿನಿಂದ ನನ್ನ ಬೆಂಕಿ ಪೂಜೆಯ ಬೆಂಕಿಯಾಯಿತೆಂದು ನನಗೆ ಅನ್ನಿಸುತ್ತಿತ್ತು.

ಆ ಸಂಜೆಗಳನ್ನು ಏನೆಂದು ಹೇಳಲಿ! ಹೊತ್ತು ಮುಳುಗುವ ವೇಳೆಗೆ ನಾವು ಹೊರಟರೆ ಊರಿಗೆ ಊರೇ ಎಚ್ಚರಾಗುತ್ತಿತ್ತು. ಮಿರ್ಚಿ ಕರಿಯುವವನು ಬುಟ್ಟಿಯ ಮೇಲೆ ಗೋಣಿಚೀಲ ಎಳೆಯುವನು. ಹೆಂಗಸರು ಮಕ್ಕಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುವರು. ಮಕ್ಕಳು ಹಿತ್ತಲ ಬಾಗಿಲಿನಿಂದ ಜಾರಿ ಬಂದು ನನ್ನ ಮೋಡದೊಳಗೆ ನುಗ್ಗುವರು. ಮಕ್ತುಮ್‌ಸಾಬ ಗದರಿಸಿದಷ್ಟೂ ಅವರಿಗೆ ಹಬ್ಬ. ನಾನು ಮಾತ್ರ ರಾಜನಂತೆ ಬೀದಿ ತುಂಬ ಕೂಗಿಕೊಂಡು ಸಾಗುವೆ. ನನ್ನ ಕೂಗಿಗೆ ರೋಗವೇ ಊರು ಬಿಟ್ಟು ಓಡುತ್ತದೆ ಎಂಬ ನಂಬಿಕೆ ನನಗಿತ್ತು.

ಊರಿನ ತುದಿಯಲ್ಲಿ ಗಡಿ ಓಣಿ ಎಂಬುದೊಂದಿದೆ. ಅದರ ಎಡಬದಿಯ ಮನೆಗಳು ನಗರಸಭೆಯ ಮೂವತ್ತೊಂದನೆಯ ವಾರ್ಡಿಗೆ ಸೇರಿವೆ, ಬಲಬದಿಯವು ಕಣವಿಹಾಳ ಗ್ರಾಮ ಪಂಚಾಯತಿಗೆ. ನಡುವೆ ಎರಡು ಎತ್ತಿನ ಬಂಡಿ ಹಾಯುವಷ್ಟು ದಾರಿ. ಎಡಬದಿಯ ಗಟಾರ ಬಳಿಯಲು ಒಬ್ಬರು ಬಂದರೆ ಬಲಬದಿಯದಕ್ಕೆ ಇನ್ನೊಬ್ಬರು. ಮದುವೆ, ಜಗಳ, ಕಡ ಕೊಟ್ಟ ಮೊಸರಿನ ಹೆಪ್ಪು ಎಲ್ಲವೂ ಆಚೆ ಈಚೆ ದಾಟುತ್ತಿದ್ದವು. ಸರಕಾರವೊಂದೇ ದಾಟುತ್ತಿರಲಿಲ್ಲ.

ನಾನು ನಗರಸಭೆಯ ಯಂತ್ರವಾದ್ದರಿಂದ ಮಕ್ತುಮ್‌ಸಾಬ ಆ ಓಣಿಗೆ ಬಂದೊಡನೆ ನನ್ನ ಮೂತಿಯನ್ನು ಎಡಕ್ಕೆ ತಿರುಗಿಸಿ ಹಿಡಿಯುತ್ತಿದ್ದ. ಆರೋಗ್ಯ ನಿರೀಕ್ಷಕರಾದ ವಿರೂಪಾಕ್ಷಪ್ಪನವರ ಕಟ್ಟಪ್ಪಣೆ ಅದು. ವಿಚಿತ್ರವೆಂದರೆ ಮಕ್ತುಮ್‌ಸಾಬನ ಸ್ವಂತ ಮನೆ ಇದ್ದದ್ದು ಅದೇ ಓಣಿಯಲ್ಲಿ, ಬಲಬದಿಯ ನಾಲ್ಕನೆಯ ಬಾಗಿಲು! ಅವನು ಪ್ರತಿ ಸಲವೂ ತನ್ನ ಹೊಸ್ತಿಲಿಗೆ ಬೆನ್ನು ಮಾಡಿ ಎದುರು ಮನೆಗೆ ಹೊಗೆ ಬಿಡುತ್ತಿದ್ದ.

ಬಲಬದಿಯ ಆಶಾ ಕಾರ್ಯಕರ್ತೆ ದ್ಯಾಮವ್ವ ಇದನ್ನು ಕಂಡು ಸುಮ್ಮನಿರುವವಳಲ್ಲ. ಗುಲಾಬಿ ಸೀರೆ, ಕಂಕುಳಲ್ಲಿ ದಪ್ಪ ವಹಿ, ಬಾಯಲ್ಲಿ ಸದಾ ಒಂದು ಕುಟುಕು.

"ಏನ್ ಮಕ್ತುಮ್ ಕಾಕಾ, ನಮ್ಮ ಕಡಿ ಸೊಳ್ಳಿ ಏನ್ ಪಾಪ ಮಾಡ್ಯಾವ? ಅವಕ್ಕೂ ಸ್ವಲ್ಪ ಹೊಗಿ ತೋರ್ಸು."

"ಕೈ ಕಟ್ಟಿ ಹಾಕ್ಯಾರವ್ವ. ನಾ ಏನ್ ಮಾಡ್ಲಿ?"

"ಕೈ ಕಟ್ಟಿದ್ರ ಏನಾತು, ಗಾಳಿ ಕಟ್ಟಿಲ್ಲಲಾ! ಗಾಳಿ ಬಂದಾಗ ಹಂಗ ಸ್ವಲ್ಪ ತಿರುಗಿ ನಿಂದ್ರು."

ಮಕ್ತುಮ್‌ಸಾಬ ನಗುತ್ತಿದ್ದ. ಆದರೆ ತಿರುಗುತ್ತಿರಲಿಲ್ಲ. ಉಂಡ ಮನೆಯ ಅಪ್ಪಣೆ ಮೀರಬಾರದೆಂಬ ನೇಮದವನು ಅವನು.

ನಾನು ಊರಿಗೆ ಬಂದ ಮೂರನೆಯ ವರ್ಷ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಡೆಂಗಿ ಜ್ವರ ಬಂತು. ಅದೇ ಸಮಯಕ್ಕೆ ಮಕ್ತುಮ್‌ಸಾಬನ ಮಗಳು ಖತೀಜಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ತಾಯಿಯಿಲ್ಲದ ಹುಡುಗಿ, ತಂದೆಯೇ ಅವಳಿಗೆ ತಾಯಿ. ಬಸುರಿಯ ಮೈಗೆ ಈ ಜ್ವರ ಬಂದರೆ ಎರಡು ಜೀವಕ್ಕೂ ಆಪತ್ತು ಎಂದು ದ್ಯಾಮವ್ವ ಬಿಡಿಸಿ ಹೇಳಿದ್ದಳು. ಅಂದಿನಿಂದ ಮಕ್ತುಮ್‌ಸಾಬನ ಹೆಗಲು ನಡುಗುವುದು ನನಗೆ ತಿಳಿಯುತ್ತಿತ್ತು. ಹೆಗಲ ಮೇಲೆ ಇದ್ದವನಿಗೆ ಹೆಗಲಿನ ಗುಟ್ಟು ತಿಳಿಯದೆ ಇರುತ್ತದೆಯೇ?

ನಗರದ ಆಸ್ಪತ್ರೆಯಿಂದ ಜ್ವರದವರ ಪಟ್ಟಿ ಬಂತು. ಗಡಿ ಓಣಿಯವರು ಒಂಬತ್ತು ಮಂದಿ, ಒಂಬತ್ತೂ ಮಂದಿಯ ಮುಂದೆ ವಾರ್ಡ್ ಮೂವತ್ತೊಂದು ಎಂದೇ ಬರೆದಿತ್ತು! ಪಂಚಾಯತಿಯ ಪಟ್ಟಿಯಲ್ಲಿ ಬಲಬದಿಯ ಜ್ವರ ಒಂದೂ ಇಲ್ಲ. ವಿರೂಪಾಕ್ಷಪ್ಪನವರು ಮೇಜು ಗುದ್ದಿದರು. "ಎಡಬದಿಯನ್ನ ಬಿಡಬ್ಯಾಡ ಮಕ್ತುಮಾ. ದಿನಾ ಹಾಕು!"

ದಿನವೂ ಹಾಕಿದೆವು. ನನಗೋ ಯುದ್ಧಕ್ಕೆ ಹೊರಟ ಉಮೇದು! ಒಂಬತ್ತು ಸಂಜೆ ಎಡಬದಿಯ ಒಂದೊಂದು ಬಾಗಿಲು, ಒಂದೊಂದು ಗಟಾರ, ಒಂದೊಂದು ಕೊಟ್ಟಿಗೆಯನ್ನೂ ಬಿಡದೆ ಗರ್ಜಿಸಿದೆ. ಎಡಬದಿಯ ಮೊದಲ ಮನೆಯ ಸಂಗವ್ವನಿಗೆ ಎಂಬತ್ತು ವರ್ಷ. ಅವಳು ಕೋಲೂರಿ ಹೊರಗೆ ಬಂದು ನನ್ನ ಮುಂದೆಯೇ ನಿಂತಳು.

"ಏ ಮಕ್ತುಮಾ, ದಿನಾ ಹೊಗಿ ಹಾಕಾಕ ನಾ ಏನ್ ಹಂಚಿನ ಮ್ಯಾಲಿನ ಮೆಣಸಿನಕಾಯಿ ಏನೋ? ಸೊಳ್ಳಿ ಸಾಯೋದಕ್ಕಿಂತ ಮೊದಲು ನಾ ಸತ್ತ ಹೊಕ್ಕೀನಿ ನೋಡು!"

"ಹಂಗ ಅನಬ್ಯಾಡ ಆಯಿ. ನೀ ನೂರು ವರ್ಷ ಇರಾಕಿ."

"ನೂರು? ನಿನ್ನ ಈ ಡರಡರ ಕೇಳ್ಕೋತ? ಬ್ಯಾಡಪ್ಪಾ, ನಾಕು ಕಮ್ಮಿ ಆದ್ರೂ ಅಡ್ಡಿಯಿಲ್ಲ!"

ಓಣಿಯೆಲ್ಲ ನಕ್ಕಿತು. ಮುಂದಿನ ವಾರ ಸಂಗವ್ವನಿಗೆ ಜ್ವರ ಬಂತು. ಐದನೆಯ ದಿನ ಅವಳು ಶಿವನ ಪಾದ ಸೇರಿದಳು. ಅವಳನ್ನು ಕುಳ್ಳಿರಿಸಿ ಹೊತ್ತುಕೊಂಡು ಹೋದಾಗ ನನ್ನನ್ನು ಮಕ್ತುಮ್‌ಸಾಬನ ಕಟ್ಟೆಯ ಮೇಲೆ ಇಟ್ಟಿದ್ದರು. ಎರಡೂ ಬದಿಯ ಜನ ಒಂದೇ ಸಾಲಿನಲ್ಲಿ ಅವಳ ಹಿಂದೆ ನಡೆದರು. ಹೋದವರ ಬೈಗುಳ ಕೂಡ ಹರಕೆಯಂತೆ ಕಿವಿಯಲ್ಲಿ ಉಳಿಯುತ್ತದೆ. ಅದನ್ನು ಇನ್ನೊಮ್ಮೆ ಕೇಳಲು ಎಷ್ಟು ಹಂಬಲಿಸಿದರೂ ದೇವರು ಆ ಬಾಗಿಲನ್ನು ತೆರೆಯುವುದಿಲ್ಲ.

ಮಾರನೆಯ ದಿನ ವಿರೂಪಾಕ್ಷಪ್ಪನವರು ಪಟ್ಟಿ ಹಿಡಿದು ತಾವೇ ಓಣಿಗೆ ಬಂದರು. ಮಕ್ತುಮ್‌ಸಾಬ ನನ್ನನ್ನು ಹೆಗಲಿಗೆ ಏರಿಸಲಿಲ್ಲ.

"ಸಾಹೇಬ್ರ, ಇವತ್ತು ಸೂಟಿ ಕೊಡ್ರಿ. ಖತೀಜಾಗ ಬೆಳಗಿನಿಂದ ಮೈ ಕೆಂಡ ಆಗೈತಿ. ದವಾಖಾನಿಗೆ ಸೇರಿಸಿ ಬಂದೀನಿ."

ವಿರೂಪಾಕ್ಷಪ್ಪನವರು ಆ ಮಧ್ಯಾಹ್ನವಷ್ಟೇ ಬಂದ ಪಟ್ಟಿಯ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು.

"ಖತೀಜಾ, ವಾರ್ಡ್ ಮೂವತ್ತೊಂದು. ಅಲ್ಲೋ ಮಕ್ತುಮಾ, ನಿನ್ನ ಮನಿ ಪಂಚಾಯತಿ ಕಡಿ ಐತಲ್ಲೋ?"

"ಹೌದ್ರಿ."

"ಮತ್ತ ಮೂವತ್ತೊಂದು ಅಂತ ಯಾಕ ಬರೆಸಿದಿ?"

ಮಕ್ತುಮ್‌ಸಾಬ ಕಕ್ಕಾಬಿಕ್ಕಿಯಾದ. "ನಾವೆಲ್ಲ ಹಂಗ ಬರಸೋದ್ರಿ. ಬರೇ ಗಡಿ ಓಣಿ ಅಂದ್ರ ಟಪಾಲ ಕಣವಿಹಾಳಕ್ಕ ಹೋಗಿ ವಾರ ಬಿಟ್ಟು ಬರ್ತೈತಿ. ಮೂವತ್ತೊಂದು ಅಂತ ಹಾಕಿದ್ರ ಮರುದಿನ ಮನಿ ಬಾಗಿಲಿಗೆ ಬರ್ತೈತ್ರಿ. ದವಾಖಾನ್ಯಾಗ ಅಡ್ರೆಸ್ ಕೇಳಿದ್ರ ಬಾಯಾಗ ಅದ ಬಂತು."

ವಿರೂಪಾಕ್ಷಪ್ಪನವರು ಪಟ್ಟಿಯನ್ನು ಮತ್ತೆ ಮೊದಲಿನಿಂದ ನೋಡಿದರು, ಓಣಿಯವರೆಲ್ಲರ ಮುಂದೆಯೂ ಅದೇ ಮೂವತ್ತೊಂದು. ದ್ಯಾಮವ್ವ ಅಲ್ಲಿಯೇ ಇದ್ದಳು. ಯಾವ ಮನೆಯಲ್ಲಿ ಯಾರಿದ್ದಾರೆಂದು ಬರೆದಿಟ್ಟ ವಹಿಯನ್ನು ಅವಳು ಬಿಚ್ಚಿದಳು. ಎದುರು ಮನೆಯಿಂದ ಒಂದು ಹಿಡಿ ರಂಗೋಲಿ ಪುಡಿ, ಒಂದು ಹಿಡಿ ಕಡಲೆ ತರಿಸಿ ಓಣಿಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಳು. ಎಡಕ್ಕೆ ಬಲಕ್ಕೆ ಮನೆಗಳ ಚೌಕ ಬಿಡಿಸಿದಳು. ವಿರೂಪಾಕ್ಷಪ್ಪನವರು ತಮ್ಮ ಪಟ್ಟಿಯಿಂದ ಹೆಸರು ಓದಿದರು. ಅವಳು ಆ ಹೆಸರಿನ ಮನೆಯ ಮೇಲೆ ಒಂದೊಂದು ಕಡಲೆಕಾಳು ಇಟ್ಟಳು. ನಗರದ ಪಟ್ಟಿಯೂ ಹಳ್ಳಿಯ ವಹಿಯೂ ಒಂದೇ ನೆಲದ ಮೇಲೆ ಕುಳಿತದ್ದು ಅದೇ ಮೊದಲು! ಮೊದಲಿನ ಒಂಬತ್ತು, ಆಮೇಲೆ ಸಂಗವ್ವ, ಖತೀಜಾ, ಹೀಗೆ ಹನ್ನೊಂದು ಕಾಳು ಬಿದ್ದವು, ಎಂಟು ಬಲಕ್ಕೆ, ಮೂರು ಎಡಕ್ಕೆ. ಹನ್ನೊಂದೂ ಓಣಿಯ ಮೇಲ್ತುದಿಯಲ್ಲಿ ಗುಂಪಾಗಿ ಕುಳಿತಿದ್ದವು.

ಮೇಲ್ತುದಿಯಲ್ಲಿ ಇದ್ದದ್ದು ಏನು? ನೀರಿನ ತೊಟ್ಟಿ! ಹಿಂದೆ ಯಾವಾಗಲೋ ಪಂಚಾಯತಿಯ ನೆಲದ ಮೇಲೆ ನಗರಸಭೆ ಕಟ್ಟಿಸಿ, ಆಮೇಲೆ ಕೈಬಿಟ್ಟ ತೊಟ್ಟಿ. ಪೈಪು ಸೋರಿ ಅದರಲ್ಲಿ ತಿಳಿನೀರು ಯಾವಾಗಲೂ ಅರ್ಧಕ್ಕೆ ನಿಂತಿರುತ್ತಿತ್ತು. ಮುಚ್ಚಿದ ಕಲ್ಲು ಒಡೆದಿತ್ತು. ದ್ಯಾಮವ್ವ ಬ್ಯಾಟರಿ ಹಾಕಿ ನೋಡಿದಳು. ನೀರಿನ ಮೈಯೆಲ್ಲ ಮಿಡುಕುತ್ತಿತ್ತು. ಸಾವಿರ ಸಾವಿರ ಸೊಳ್ಳೆಯ ಮರಿಹುಳು!

ಫೋನು ಮಾಡಿದ್ದಕ್ಕೆ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ ಬೈಕಿನ ಮೇಲೆ ಬಂದರು. ಬಗ್ಗಿ ನೋಡಿದರು, ನೆಟ್ಟಗೆ ನಿಂತರು.

"ತೊಟ್ಟಿ ನಿಮ್ಮದು ಸಾಹೇಬ್ರ. ನಾವು ಮುಟ್ಟಿದ್ರ, ನಮ್ಮ ಆಸ್ತಿ ಯಾಕ ಮುಟ್ಟಿದ್ರಿ ಅಂತ ನಿಮ್ಮ ಆಫೀಸಿನಿಂದನ ಪತ್ರ ಬರ್ತೈತಿ."

"ನೆಲ ನಿಮ್ಮದೈತಲ್ರೀ! ನಾವು ಕಾಲಿಟ್ರ, ನಮ್ಮ ಹದ್ದಿನ್ಯಾಗ ಯಾಕ ಬಂದ್ರಿ ಅಂತೀರಿ."

ದ್ಯಾಮವ್ವ ಸೊಂಟದ ಮೇಲೆ ಕೈಯಿಟ್ಟಳು. "ನೆಲಾ ಅವರ್ದು, ತೊಟ್ಟಿ ಇವರ್ದು. ಹಂಗಾರ ಈ ಹುಳಾ ಯಾರ್ವು? ಹೇಳ್ರಿ, ಅವಕ್ಕೂ ಒಂದು ರೇಷನ್ ಕಾರ್ಡ್ ಮಾಡಸೂಣು."

ಆಗ ಮಕ್ತುಮ್‌ಸಾಬ ಮುಂದೆ ಬಂದ. ಅವನು ಅಷ್ಟು ದೊಡ್ಡ ಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

"ನನ್ನ ಮಗಳು ಯಾರ ಕಡಿಯಾಕಿ ಅಂತ ಆಮ್ಯಾಲ ಬರಕೊಳ್ರಿ, ಇಬ್ರೂ ಬರಕೊಳ್ರಿ. ಮೊದಲ ಈ ತೊಟ್ಟಿ ಬರಿದು ಮಾಡ್ರಿ. ಇಲ್ಲಂದ್ರ ನಾನ ಇಳೀತೀನಿ!"

ಹೇಳಿದವನೇ ಅಂಗಿ ಬಿಚ್ಚಿದ. ವಿರೂಪಾಕ್ಷಪ್ಪನವರು ಅವನ ತೋಳು ಹಿಡಿದರು. "ನೀ ದವಾಖಾನಿಗೆ ಹೋಗು. ಇದು ನನ್ನ ಕೆಲಸ" ಎಂದರು.

ಅಬ್ಬಾ, ಆ ಸಂಜೆ! ನಗರಸಭೆಯ ಪಂಪು ಬಂತು, ಪಂಚಾಯತಿಯ ಟ್ರ್ಯಾಕ್ಟರು ಬಂತು. ತೊಟ್ಟಿಯ ನೀರು ಭೋರೆಂದು ಹೊಲದ ಕಡೆಗೆ ಹರಿದು ಬಿಸಿಮಣ್ಣಿನಲ್ಲಿ ಇಂಗಿತು. ತಳವನ್ನು ಎರಡೂ ಕಡೆಯ ಆಳುಗಳು ತಿಕ್ಕಿ ತೊಳೆದರು. ಸೋರುವ ಪೈಪು ಸರಿಯಾಗಲು ತಿಂಗಳು ಹಿಡಿಯುತ್ತದೆಂದು ತಿಳಿದು, ದ್ಯಾಮವ್ವ ಕಣವಿಹಾಳದ ಆಸ್ಪತ್ರೆಯ ಹೊಂಡದಿಂದ ಕೊಡದಲ್ಲಿ ಗಪ್ಪಿ ಮೀನು ತಂದಳು. ಹುಳು ತಿನ್ನುವ ಪುಟ್ಟ ಮೀನು ಅದು. ಮರುದಿನ ನೀರು ಮತ್ತೆ ನಿಂತಾಗ ಅದರಲ್ಲಿ ಬಿಟ್ಟಳು. ಎರಡೂ ಬದಿಯ ಹೆಂಗಸರು ಬ್ಯಾರಲ್ಲು, ಹಂಡೆ, ಕಲ್ಲುಬಾನಿಗಳನ್ನು ಬೋರಲು ಹಾಕಿದರು. ಹೊಸ ಆಳೊಬ್ಬ ನನ್ನನ್ನು ಹೆಗಲಿಗೆ ಏರಿಸಿಕೊಂಡು ಕೇಳಿದ: "ಯಾವ ಕಡೀಗ್ರಿ ಸಾಹೇಬ್ರ?" ವಿರೂಪಾಕ್ಷಪ್ಪನವರು ಎರಡೂ ಕೈ ಚಾಚಿದರು. ನಾನು ಮೊದಲ ಬಾರಿಗೆ ಬಲಕ್ಕೆ ತಿರುಗಿದೆ! ಸೊಳ್ಳೆಗೆ ಓಣಿ ದಾಟಲು ಒಂದು ಗಳಿಗೆ ಸಾಕು; ನನಗೆ ಮೂರು ವರ್ಷ ಬೇಕಾಯಿತು.

ಕೂಗುತ್ತ ಕೂಗುತ್ತ ನನ್ನ ಹೆಮ್ಮೆ ಕರಗಿತು. ನನ್ನ ಹೊಗೆಗೆ ಸಾಯುವುದು ಹಾರುವ ಸೊಳ್ಳೆ, ಅದೂ ಆ ಹೊತ್ತಿನದು ಮಾತ್ರ. ನೀರೊಳಗಿನ ಮರಿ ನನ್ನ ಗರ್ಜನೆಯನ್ನು ಕೇಳಿಸಿಕೊಳ್ಳುವುದೇ ಇಲ್ಲ. ಹೆಂಗಸರು ಬಾನಿ ಮಗುಚಿ ಮಾಡುವ ಕೆಲಸವನ್ನು ನಾನು ಒಂಬತ್ತು ಸಂಜೆ ಕೂಗಿಯೂ ಮಾಡಿರಲಿಲ್ಲ.

ಖತೀಜಾ ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಆ ಎಂಟು ದಿನ ಮಕ್ತುಮ್‌ಸಾಬ ಐದು ಹೊತ್ತಿನ ನಮಾಜಿಗೆ ಆರನೆಯದನ್ನೂ ಸೇರಿಸಿದನೆಂದು ದ್ಯಾಮವ್ವ ಹೇಳುತ್ತಿದ್ದಳು. ಅವಳೂ ಗುಡಿಯಲ್ಲಿ ದೀಪ ಹಚ್ಚುತ್ತಿದ್ದಳು. ಎಂಟನೆಯ ದಿನ ಜ್ವರ ಬಿಟ್ಟಿತು. ಇಪ್ಪತ್ತು ದಿನದ ಮೇಲೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ! ಮಕ್ತುಮ್‌ಸಾಬ ಓಡಿ ಬಂದು ನನ್ನ ತಣ್ಣನೆಯ ಮೂತಿಯ ಮೇಲೆ ಅಂಗೈ ಇಟ್ಟು ಅತ್ತ. ಜನನದ ದಾಖಲೆಗೆ ವಿಳಾಸ ಕೇಳಿದರಂತೆ. "ಗಡಿ ಓಣಿ, ಬಲಬದಿ, ಕಣವಿಹಾಳ ಪಂಚಾಯತಿ. ಸರಿಯಾಗಿ ಬರೀರಿ, ಟಪಾಲ ತಡಾ ಆದ್ರೂ ಅಡ್ಡಿಯಿಲ್ಲ!" ಎಂದನಂತೆ.

ಅಂದಿನಿಂದ ಪ್ರತಿ ಶುಕ್ರವಾರ ನಗರದ ಪಟ್ಟಿಯೂ ಪಂಚಾಯತಿಯ ವಹಿಯೂ ಮಕ್ತುಮ್‌ಸಾಬನ ಕಟ್ಟೆಯ ಮೇಲೆ ಕೂಡಿದವು. ಹೆಸರಿಗೆ ಹೆಸರು, ಮನೆಗೆ ಮನೆ ಹೊಂದಿಸಿದ ಮೇಲೆಯೇ ಚಹಾ.

ಮಕ್ತುಮ್‌ಸಾಬ ನಿವೃತ್ತನಾದ. ಕೆಲವು ವರ್ಷಗಳ ಮೇಲೆ ದೇವರು ಅವನನ್ನು ಕರೆದುಕೊಂಡ. ಹೆಗಲಿಲ್ಲದ ಯಂತ್ರಕ್ಕೆ ಒಡಲಿದ್ದರೂ ಇಲ್ಲದಂತೆಯೇ. ಬೇರೆ ಹೆಗಲುಗಳು ಬಂದವು, ಒಳ್ಳೆಯವೇ. ಅವನಂತೆ ದೇವರ ಹೆಸರು ಹೇಳಿ ಎತ್ತಿದವರು ಯಾರೂ ಇಲ್ಲ. ದುಃಖಕ್ಕೆ ಔಷಧಿಯಿಲ್ಲ. ಕೆಲಸವಿದ್ದರೆ ಅದು ಒಂದಿಷ್ಟು ಹೊತ್ತು ತಲೆ ಬಗ್ಗಿಸುತ್ತದೆ, ಅಷ್ಟೆ.

ಈಗ ನನಗೆ ಕೆಲಸವೂ ಇಲ್ಲ. ಗಡಿ ಓಣಿಯ ಹತ್ತಿರದ ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ಹಿಂದೆ ಮೂಲೆಯಲ್ಲಿದ್ದೇನೆ. ನನ್ನ ಮೂತಿಗೆ ತುಕ್ಕು ಹಿಡಿದಿದೆ. ಕಳೆದ ಮಳೆಗಾಲದಲ್ಲಿ ನನ್ನನ್ನು ಒಮ್ಮೆಯೂ ಹೊತ್ತಿಸಲಿಲ್ಲ. ಓಣಿಯಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲ. ನನ್ನ ಆಯುಷ್ಯದಲ್ಲಿ ಅದರಷ್ಟು ದೊಡ್ಡ ವರ್ಷ ಇನ್ನೊಂದಿಲ್ಲ! ಗರ್ಜಿಸಿದ ಸಂಜೆಗಳಲ್ಲಿ ನಾನು ಬೇಡಿದ್ದನ್ನು ದೇವರು ನನ್ನನ್ನು ಸುಮ್ಮನೆ ಕೂಡಿಸಿ ಕೊಟ್ಟ.

ಇವತ್ತು ಶುಕ್ರವಾರ. ಕಿಟಕಿಯಾಚೆ ಹಂಡೆ, ಬ್ಯಾರಲ್ಲುಗಳು ಮಗುಚಿ ಬೀಳುವ ಸದ್ದು ಕೇಳುತ್ತಿದೆ. ಢಣ್, ಢಬ್, ಢಣ್! ಅಜ್ಜನ ಮನೆಯಲ್ಲೇ ಬೆಳೆದ ಖತೀಜಾಳ ಮಗಳು ನೀರು ಚೆಲ್ಲಿರೆಂದು ಮನೆಯಿಂದ ಮನೆಗೆ ಕೂಗುತ್ತ ಓಡುತ್ತಿದ್ದಾಳೆ. ಅವಳ ಕೂಗು ಯಾವ ಬದಿಯಿಂದ ಬರುತ್ತಿದೆಯೆಂದು ತಿಳಿಯಲು ಎಷ್ಟು ಕಿವಿಗೊಟ್ಟರೂ ನನಗೆ ಆಗುತ್ತಿಲ್ಲ.