ರಾಹೇಲಳ ಪಾಠ

ನನ್ನ ಬಾಯಿ ಕಂಡರೆ ನನಗೇ ಹೇಸಿಗೆ. ಇಪ್ಪತ್ತೊಂದು ವರ್ಷದಿಂದ ಸಾತನೂರಿನ ಹತ್ತಿರದ ನಮ್ಮ ಪುಟ್ಟ ಚರ್ಚಿನ ಸಭೆಯಲ್ಲಿ ಪ್ರಸಂಗ ಮಾಡುತ್ತಿರುವುದು ಇದೇ ಬಾಯಿ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನದ ಭಾನುವಾರಗಳಲ್ಲಿ ‘ಎಚ್ಚರವಾಗಿರಿ’ ಎನ್ನುತ್ತದೆ. ಈಸ್ಟರಿಗೆ ಮುಂಚಿನ ಲೆಂಟಿನಲ್ಲಿ ‘ಉಪವಾಸ ಮಾಡಿ’ ಎಂದು ಗುಡುಗಿ, ಮನೆಗೆ ಹೋಗಿ ಮುದ್ದೆ, ನಾಟಿಕೋಳಿ ಸಾರು ಹೊಡೆಯುತ್ತದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಆ ಪೈಕಿ ನಾನು.

ಯಾವ ಭಾನುವಾರ ಬೈಬಲ್ಲಿನ ಯಾವ ಪಾಠ ಓದಬೇಕು ಎಂಬ ಪಟ್ಟಿ ಮೇಲಿನವರಿಂದ ಬರುತ್ತದೆ. ಪಾಠ ಓದುವುದು ಮನೆಮನೆಯ ಸರದಿ, ಅದರ ಮೇಲೆ ಪ್ರಸಂಗ ನನ್ನದು. ಹೋದ ಡಿಸೆಂಬರ್ ಇಪ್ಪತ್ತೆಂಟು, ಕ್ರಿಸ್‌ಮಸ್ ಆಗಿ ಮೂರನೇ ದಿನ, ಭಾನುವಾರ, ಲತಾಮಣಿಯ ಸರದಿ. ಪಾಠ ಹೆರೋದ ರಾಜನದು: ಅವನು ಬೆತ್ಲೆಹೇಮಿನ ಹಸುಗೂಸುಗಳನ್ನೆಲ್ಲ ಕೊಲ್ಲಿಸಿದ್ದು, ರಾಹೇಲಳೆಂಬ ತಾಯಿ ಇಲ್ಲವಾದ ಮಕ್ಕಳಿಗಾಗಿ ಗೋಳಾಡಿದ್ದು. ಲತಾಮಣಿಯ ಮೂರು ತಿಂಗಳ ಮಗು ಆಗಸ್ಟಿನಲ್ಲಿ ಜ್ವರಕ್ಕೆ ಹೋಗಿತ್ತು.

ಶುಕ್ರವಾರ ಸಭೆಯ ಕಾರ್ಯದರ್ಶಿ ಅನಂತರಾಜು ಬೈಕಿನಲ್ಲಿ ಬಂದ.

“ಅಯ್ಯನೋರೇ, ಈ ಸಲ ಆ ಪಾಠ ಬ್ಯಾಡ. ಅವತ್ತು ಮಕ್ಕಳ ಡ್ಯಾನ್ಸ್ ಮಡಿಕಂಡಿವಿ, ಕೇಕ್ ಐತೆ. ಕೂಸುಗಳ ಕೊಂದ ಕತೆ ಓದುಸ್ತೀರಾ? ಅದೂ ಆ ಹೆಣ್ಮಗಳ ಕೈಲಿ? ಸಾವಾದ ಮನೆ, ಇನ್ನೂ ವರ್ಸ ತುಂಬಿಲ್ಲ.”

“ನಮ್ಮಲ್ಲಿ ಸೂತಕ ಇಲ್ಲವಲ್ಲ, ಅನಂತರಾಜು.”

“ಇಲ್ಲ, ಐತೆ ಅಂತ ಯಾರ್ ಅಂದ್ರು? ಆದ್ರೂ ಒಸಿ ನೋಡ್ಬೇಕಲ್ವಾ?”

ಸೂತಕ ಇಲ್ಲ ಎಂದು ನಾನೇ ನಾಲ್ಕು ಪ್ರಸಂಗ ಮಾಡಿದ್ದೇನೆ, ಜನ ತಲೆಯಾಡಿಸಿದ್ದಾರೆ. ಆದರೂ ಸಾವಾದ ಮನೆ ಮುಂದೆ ಆ ವರ್ಷ ಕ್ರಿಸ್‌ಮಸ್ ನಕ್ಷತ್ರ ತೂಗುವುದಿಲ್ಲ. ಆ ಮನೆಯ ಕಜ್ಜಾಯ ಯಾರೂ ಮುಟ್ಟುವುದಿಲ್ಲ. ಹಳೇ ಧರ್ಮದ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಭದ್ರವಾಗಿ ಇಟ್ಟುಕೊಂಡ ಜನ ನಾವು. ಅನಂತರಾಜುವಿನ ಮಾತು ತಪ್ಪೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೇನು, ಒಪ್ಪಿಕೊಂಡೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಬೇರೆ ಪಾಠ ಹುಡುಕಿದೆ: ದೇವಾಲಯದಲ್ಲಿ ಮುದುಕ ಸಿಮೆಯೋನ ಕೂಸು ಯೇಸುವನ್ನೆತ್ತಿಕೊಂಡು ದೇವರನ್ನು ಕೊಂಡಾಡಿದ್ದು. ಓದುವುದಕ್ಕೆ ಅನಂತರಾಜುವಿನ ಮಗಳು ದಿವ್ಯ ಗೊತ್ತಾದಳು.

ನಿಜ ಹೇಳಬೇಕೆಂದರೆ ಇದು ಮೊದಲ ಸಲವೇನಲ್ಲ. ಪಟ್ಟಿಯಲ್ಲಿ ರಾಹೇಲಳ ಪಾಠ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ದಾಟಿಸಿದ್ದೇನೆ. ಹಬ್ಬದ ವಾರ ಅಳುವ ಪಾಠ ಯಾರಿಗೆ ಬೇಕು?

ಲತಾಮಣಿಗೆ ಹೇಳಲು ಹೋದಾಗ ಅವಳು ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಎದ್ದು ನಿಂತು, ಸೆರಗಿಗೆ ಕೈ ಒರೆಸಿಕೊಂಡು, ನಾನು ಹೇಳಿದ್ದನ್ನೆಲ್ಲ ಕೇಳಿದಳು.

“ಪಟ್ಟಿ ಬಂದಾಗ್ಲಿಂದ ದಿನಾ ಓದ್ತಾ ಇವ್ನಿ ಅಯ್ಯನೋರೇ. ಒಂದಕ್ಸರನೂ ತಪ್ಪಾಕಿಲ್ಲ. ಅಳಾಕೂ ಇಲ್ಲ, ಹೆದರ್ಕೋಬ್ಯಾಡಿ.”

“ನಿನ್ನ ಒಳ್ಳೆಯದಕ್ಕೇ ಕಣವ್ವ. ದೇವರು ಸಮಾಧಾನ ಕೊಡುತ್ತಾನೆ.”

“ಮಗ ಹೋದಾಗ್ಲಿಂದ ಎಲ್ಲಾರೂ ಅದನ್ನೇ ಯೋಳ್ತಾವ್ರೆ. ಆ ಪಾಠ ಒಂದೇ ಯೋಳಿಲ್ಲ ಕನಿ. ಅದ್ಕೇ ಓದ್ಬೇಕು ಅಂತಿದ್ದೆ.”

ಆಗಲಾದರೂ ‘ನೀನೇ ಓದು’ ಎನ್ನಬಹುದಿತ್ತು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಭಾನುವಾರ ದಿವ್ಯ ಸಿಮೆಯೋನನ ಪಾಠವನ್ನು ಚೆನ್ನಾಗಿಯೇ ಓದಿದಳು. ದೇವರನ್ನು ಕೊಂಡಾಡಿದ ಮೇಲೆ ಆ ಮುದುಕ ಮಗುವಿನ ತಾಯಿಯ ಕಡೆ ತಿರುಗಿ, ನಿನ್ನ ಜೀವಕ್ಕೂ ಕತ್ತಿ ನಾಟುತ್ತದೆ ಎನ್ನುತ್ತಾನೆ. ಅದಕ್ಕೆ ಒಂದು ವಚನ ಮುಂಚೆಯೇ ನಿಲ್ಲಿಸಮ್ಮ ಎಂದು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕೊಟ್ಟಿದ್ದವನು ನಾನೇ. ಆಮೇಲೆ ಇಪ್ಪತ್ತು ನಿಮಿಷ ಕೂಸುಗಳ ಮುದ್ದು ನಗುವಿನ ಬಗ್ಗೆ ಬೆಣ್ಣೆಯಂಥ ಪ್ರಸಂಗ ಮಾಡಿದೆ. ಮೂರನೇ ಸಾಲಿನಲ್ಲಿ ಲತಾಮಣಿ ತಲೆ ತಗ್ಗಿಸಿ ಕೂತಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಕೇಕು, ಖಾರ, ಟೀ. ಎಂಬತ್ತು ದಾಟಿದ ಮುನಿಯಮ್ಮ ಜಗಲಿ ಮೇಲೆ ಕೂತಿದ್ದಳು. ಓದುಬರಹ ತಿಳಿಯದ, ಆದರೆ ಒಂದು ಭಾನುವಾರವೂ ತಪ್ಪಿಸದ ಮುದುಕಿ. ಅವಳು ಲತಾಮಣಿಯನ್ನು ಕೂಗಿ ಕರೆದಳು.

“ಇವತ್ತು ನಿನ್ನ ಸರದಿ ಅಂದಿದ್ಯಲ್ಲವ್ವ, ಆ ಹುಡುಗಿ ಯಾಕ್ ಓದ್ಳು?”

“ನನ್ನ ಪಾಠ ಬ್ಯಾಡ ಅಂದ್ರಜ್ಜಿ. ಮಕ್ಕಳ ಕಳ್ಕಂಡೋಳು ಅಳೋ ಪಾಠ.”

“ನಮ್ಮ ಪುಸ್ತಕದಾಗೆ ಅಂಥದೂ ಐತಾ? ನಾನು ಕೇಳೇ ಇಲ್ವಲ್ಲೇ!”

ಲತಾಮಣಿ ಚೀಲದಿಂದ ಬೈಬಲ್ ತೆಗೆದು, ನಿಂತಲ್ಲೇ ಓದಿದಳು. ಅಳಲಿಲ್ಲ. ಪಕ್ಕದಲ್ಲಿದ್ದವರು ಹತ್ತಿರ ಬಂದು ಕೇಳಿಸಿಕೊಂಡರು. ಅನಂತರಾಜು ಮಾತ್ರ “ಟೀ ಆರೋಯ್ತದೆ, ಬನ್ನಿ ಬನ್ನಿ” ಎಂದು ಕೂಗುತ್ತಿದ್ದ.

“ಆಮ್ಯಾಕೆ ಸಮಾಧಾನ ಆಯ್ತಾ ಆ ತಾಯಿಗೆ?” ಎಂದು ಮುನಿಯಮ್ಮ ಕೇಳಿದಳು.

“ಇಲ್ಲಜ್ಜಿ. ಸಮಾಧಾನ ಬ್ಯಾಡ ಅಂದ್ಬುಟ್ಳಂತೆ.”

“ಅದ್ಕೆ ದೇವ್ರು ಬಯ್ನಿಲ್ವಾ?”

“ಇಲ್ಲ. ಬಯ್ದ ಅಂತ ಎಲ್ಲೂ ಬರ್ದಿಲ್ಲ.”

ಮುನಿಯಮ್ಮ, ಕೇಕಿನ ತಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

“ನಾನು ಎರಡು ಕೂಸ ಮಣ್ಣು ಮಾಡಿವ್ನಿ ಅಯ್ಯನೋರೇ. ಸತ್ತೋರ್ಗೆ ಅತ್ತೂ ಅತ್ತೂ ಕೂತ್ರೆ ದೇವ್ರ ಮ್ಯಾಗೆ ನಂಬ್ಕೆ ಇಲ್ಲ ಅಂತ ನೀವು ಒಂದು ಈಸ್ಟರ್‌ನಾಗೆ ಯೋಳಿದ್ರಿ. ಅವು ಹೋಗಿ ಎಷ್ಟೋ ವರ್ಸ ಆಗಿದ್ರೂ ನಂಗೆ ಅಳು ನಿಲ್ತಿರ್ನಿಲ್ಲ. ಅವತ್ತಿಂದ ಪ್ರತಿ ಭಾನ್ವಾರ ಇಲ್ಲಿ ಮಂಡಿಯೂರ್ಕಂಡು, ಅತ್ತಿದ್ದ ಕ್ಷಮಿಸಪ್ಪಾ ಅಂತ ಬೇಡ್ಕತಿದ್ದೆ.”

ಅವಳ ಕಣ್ಣು ತುಂಬಿಕೊಂಡವು. ಕಾಲಿಗೆ ಬೀಳಬೇಕಿತ್ತು ನಾನು. ತಪ್ಪು ನನ್ನದು ಎಂದು ಆ ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕಿತ್ತು. ಇಪ್ಪತ್ತೊಂದು ವರ್ಷದ ಅಭ್ಯಾಸ, ಅವಳ ಹೆಗಲ ಮೇಲೆ ಕೈಯಿಟ್ಟು, “ಸಮಾಧಾನ ಮಾಡ್ಕೋ ಅಜ್ಜಿ” ಅಂದುಬಿಟ್ಟೆ.