ಸುಣ್ಣದ ಡಬ್ಬಿಯ ಪೇಟೆಂಟ್

“ಕಾಕಾ, ಇದನ್ನ ಈ ಮೊದಲ ಎಲ್ಲೆರೆ ಛಾಪಿಸೀರೇನ್ರಿ?” ಪೇಟೆಂಟ್ ಅರ್ಜಿಯ ಮೇಲೆ ಪೆನ್ನು ಹಿಡಿದು ಧನಪಾಲ ಕೇಳಿದ.

ಆಬಾಸಾಹೇಬರು ಬೆಳಗಿನಿಂದ ಈ ಪ್ರಶ್ನೆಗೇ ಕಾದವರಂತೆ ಎದ್ದು ಒಳಗೆ ಹೋಗಿ, ಗಾಜು ಹಾಕಿಸಿದ ಚೌಕಟ್ಟೊಂದನ್ನು ಎದೆಗವಚಿಕೊಂಡು ಬಂದರು. “ಛಾಪಿಸೀರೇನ್ ಅಂದ್ರ! ಐದನೂರು ಪ್ರತಿ. ಕಾಗವಾಡದ ತನಕಾ ಹಂಚೇನಿ.”

ಅದೊಂದು ಕರಪತ್ರ. ಮೇಲೆ ಕೆಂಪಕ್ಷರದಲ್ಲಿ ‘ಹಾರ್ದಿಕ ಅಭಿನಂದನೆ’. ಕೆಳಗೆ ಹೆಬ್ಬೆರಳ ಗಾತ್ರದಲ್ಲಿ ‘ನಿಪ್ಪಾಣಿಯ ತಂಬಾಕು ವ್ಯಾಪಾರಸ್ಥ ಆಬಾಸಾಹೇಬ ಪಾಟೀಲ ಇವರ ಸೊಸೆ’, ಅದರ ಕೆಳಗೆ ಕಿರುಬೆರಳ ಗಾತ್ರದಲ್ಲಿ ‘ಸೌ. ಕುಸುಮ’. ಆಮೇಲೆ ಅವಳು ಮಾಡಿದ ಉಪಕರಣದ ಚಿತ್ರ, ಅಳತೆಗಳ ಸಮೇತ. ಅಳತೆಯಿಲ್ಲದ್ದನ್ನು ನಿಪ್ಪಾಣಿಯವರು ನಂಬುವುದಿಲ್ಲ ಎಂಬುದು ಆಬಾಸಾಹೇಬರ ಅಭಿಪ್ರಾಯ. ಯಾರಾದರೂ ಮ್ಯಾಟ್ರಿಕ್ ಪಾಸಾದರೂ ಟ್ರ್ಯಾಕ್ಟರ್ ಕೊಂಡರೂ ಆ ಮನೆಯಿಂದ ಒಂದು ಕರಪತ್ರ ಹೊರಡುತ್ತಿತ್ತು. ಸೊಸೆಯ ಶೋಧಕ್ಕೆ ಹೊರಡದಿದ್ದರೆ ಹೇಗೆ?

ಬಸ್ ಸ್ಟ್ಯಾಂಡಿನ ಎದುರು ಕುಸುಮಳದೊಂದು ಟೈಪಿಂಗ್ ಅಂಗಡಿ. ತೊಂಬತ್ತೈದರಲ್ಲಿ ಅಲ್ಲಿಗೆ ಇಂಕ್‌ಜೆಟ್ ಯಂತ್ರ ಬಂತು. ಕೂದಲಿಗಿಂತ ಸಣ್ಣ ತೂತುಗಳಿಂದ ಶಾಯಿಯನ್ನು ಹನಿಹನಿಯಾಗಿ ಸಿಡಿಸುವ ಅದರ ತಲೆಗೆ ತಂಬಾಕಿನ ಸುಗ್ಗಿ ಒಗ್ಗಲಿಲ್ಲ. ಧೂಳು ಕೂತು ರಬ್ಬರ್ ಮುಚ್ಚಳ ಸಡಿಲಾಗುತ್ತಿತ್ತು, ಶಾಯಿ ಒಣಗಿ ತೂತು ಕಟ್ಟುತ್ತಿತ್ತು, ಅಕ್ಷರಗಳ ನಡುವೆ ಬಿಳಿ ಗೆರೆ ಬೀಳುತ್ತಿತ್ತು. ಪುಣೆಯಿಂದ ಬಂದ ಇಂಜಿನಿಯರ್ ಮೂರು ಸಲವೂ “ತಲೆ ಬದಲಿಸಿ” ಎಂದು ಹೇಳಿ, ಚಹಾ ಕುಡಿದು ಹೋದ. ನಾಲ್ಕನೆಯ ಸಲ ಕುಸುಮ ಅವನನ್ನು ಕರೆಸಲಿಲ್ಲ. ಮಾವನ ಕೈಯನ್ನು ನೋಡಿದಳು. ಸೋಮವಾರ ತುಂಬಿದ ಸುಣ್ಣ ಶನಿವಾರವೂ ಬೆಣ್ಣೆಯಂತಿರುವ ಹಿತ್ತಾಳೆ ಡಬ್ಬಿ ಅದರಲ್ಲಿತ್ತು. ಎರಡು ಮುಚ್ಚಳದ ಆ ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಮಡಿಕೆ ಇಟ್ಟು, ಯಂತ್ರದ ತಲೆ ಬಂದು ನಿಲ್ಲುವ ಮೂಲೆಯಲ್ಲಿ ಕೂರಿಸಿದಳು. ಎಂಟು ತಿಂಗಳಾದರೂ ಒಂದು ತೂತೂ ಕಟ್ಟಲಿಲ್ಲ. ಅಂದಿನಿಂದ ಆಬಾಸಾಹೇಬರ ಸುಣ್ಣ ಕಾಗದದ ಪೊಟ್ಟಣದಲ್ಲಿತ್ತು. ಯಾರಾದರೂ ಯಾಕೆಂದು ಕೇಳಲಿ ಎಂದು ಅವರು ಅದನ್ನು ನಾಲ್ಕು ಜನರ ನಡುವೆಯೇ ಬಿಚ್ಚುತ್ತಿದ್ದರು.

ಧನಪಾಲ ಕುಸುಮಳ ತಮ್ಮ, ಮದ್ರಾಸಿನಲ್ಲಿ ಪೇಟೆಂಟ್ ವಕೀಲರೊಬ್ಬರ ಬಳಿ ಕೆಲಸಕ್ಕಿದ್ದವನು. ಚೌಕಟ್ಟನ್ನು ಎರಡು ಸಲ ಓದಿ ಪೆನ್ನಿಗೆ ಮುಚ್ಚಳ ಹಾಕಿದ.

“ಊರೆಲ್ಲಾ ನೋಡಿದ್ದು ಕಾಯ್ದೆದಾಗ ಹೊಸಾದು ಅಲ್ರಿ, ಕಾಕಾ. ಅಳತಿ ಬ್ಯಾರೆ ಹಾಕೀರಿ. ಮೊದಲ ಅರ್ಜಿ, ಆಮ್ಯಾಲ ಪೇಢೆ ಹಂಚಬೇಕಿತ್ತು. ಇನ್ನ ಪೇಟೆಂಟ್ ಸಿಗೂದಿಲ್ಲ.”

“ಇರ್ಲಿ ಬಿಡ್ರಿ, ಮಾವಾರ. ಚಾ ಆರತೈತಿ,” ಎಂದಳು ಕುಸುಮ. ಬೈದಿದ್ದರೆ ಆಬಾಸಾಹೇಬರು ಆ ಚಹಾ ಕುಡಿಯುತ್ತಿದ್ದರು.

ಮರುದಿನ ಬೆಳಿಗ್ಗೆ ಅವರು ಕರಪತ್ರ ವಾಪಸು ತರುವೆನೆಂದು ಕುಸುಮಳಿಗೆ ಹೇಳಿ, ಖಾಲಿ ಚೀಲ ಹಿಡಿದು ಏಕಸಂಬಿಯ ಬಸ್ಸು ಹತ್ತಿದರು. ಐದುನೂರೂ ವಾಪಸು ಬಂದರೆ ಯಾರೂ ನೋಡಿಲ್ಲವೆಂದೇ ಆಗುತ್ತದಲ್ಲ! ಇದಕ್ಕೆ ಕಾಯ್ದೆ ಏನನ್ನುತ್ತದೆಂದು ಧನಪಾಲನನ್ನು ಕೇಳುವ ಧೈರ್ಯ ಆಗಿರಲಿಲ್ಲ.

ಏಕಸಂಬಿಯಲ್ಲಿ ಮೊದಲು ಸಿಕ್ಕಿದ್ದು ಮಂಗಲ ಎಂಬವಳ ಝೆರಾಕ್ಸ್ ಅಂಗಡಿ. ಕರಪತ್ರ ಗೋಡೆಗೆ ಅಂಟಿಕೊಂಡಿತ್ತು. ಕೆಳಗಿನ ಇಂಕ್‌ಜೆಟ್ ಯಂತ್ರದ ಮೂಲೆಯಲ್ಲಿ, ಸುಣ್ಣದ ಡಬ್ಬಿ ಸಿಗದ್ದಕ್ಕೆ, ಮುಲಾಮಿನ ಡಬ್ಬಿಯೊಂದು ಕೂತಿತ್ತು.

“ಆ ಕಾಗದಾ ನನಗ ಬೇಕಾಗಿತ್ತಲ್ಲವಾ,” ಎಂದರು, ಯಾರೆಂದು ಹೇಳದೆ.

“ಕೊಡಾಂಗಿಲ್ರಿ ಅಜ್ಜಾರ. ಅಳತಿ ಅದರಾಗ ಐತಿ. ನಿಪ್ಪಾಣಿ ಕುಸುಮಕ್ಕ ಕಂಡ ಹಿಡದದ್ದದು, ಪುಣೆದ ಇಂಜಿನಿಯರಗೂ ತಿಳೀಲಿಲ್ಲ. ಇದರಿಂದ ನನ್ನ ಅಂಗಡಿ ಉಳದೈತಿ.” ಅವಳು ಕರಪತ್ರದತ್ತ ಗಲ್ಲ ಎತ್ತಿದಳು. “ಆದ್ರ ಮಾವನ ಹೆಸರ ನೋಡ್ರಿ, ಆನಿಯಷ್ಟು! ಏನ್ ಆಂವಾ ಕಂಡ ಹಿಡದಾನೇನು?”

“ಡಬ್ಬಿ ಆಂವಂದಂತ,” ಎಂದರು ಆಬಾಸಾಹೇಬರು ಮೆತ್ತಗೆ.

ಮುಂದಿನ ಊರಿಗೆ ಅವರು ಹೋಗಲಿಲ್ಲ.

ಸಂಜೆ ಅಂಗಡಿಗೆ ಬಂದಾಗ ಕುಸುಮ ಚೀಲ ನೋಡಿದಳು. “ಎಷ್ಟ ಸಿಕ್ಕೂವ್ರಿ?”

“ಒಂದೂ ಇಲ್ಲ.” ಜೇಬಿನಿಂದ ಅವರು ಮಡಿಚಿದ ಹಾಳೆ ತೆಗೆದರು. “ಏಕಸಂಬಿ ಝೆರಾಕ್ಸ್ ಅಂಗಡ್ಯಾಕಿ ಮಲಾಮಿನ ಡಬ್ಬಿ ಕುಂದರಿಸ್ಯಾಳ. ಇದು ಆಕೀ ಮಷಿನಿಂದು. ಛಾಪಿಸಿ ಕೊಡು ಅಂತ ಇಸಗೊಂಡ ಬಂದೇನಿ.”

ಕುಸುಮ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಸಾಲು ಸಾಲಾಗಿ ಬೆರಳಾಡಿಸಿದಳು. ಎಲ್ಲೂ ಒಂದು ಬಿಳಿ ಗೆರೆಯಿರಲಿಲ್ಲ. ಬಳಿಕ ಧನಪಾಲ ಬಿಟ್ಟುಹೋಗಿದ್ದ ಅರ್ಜಿಯನ್ನು ಎತ್ತಿ, ಖಾಲಿ ಬೆನ್ನು ಮೇಲೆ ಮಾಡಿ ಯಂತ್ರಕ್ಕೆ ಕೊಟ್ಟಳು.

“ಹೇಳ್ರಿ ಮಾವಾರ, ಹೊಸಾ ಕರಪತ್ರದಾಗ ಏನ್ ಬರೀಲಿ? ಮಲಾಮಿನ ಡಬ್ಬಿ ಅಳತಿನೂ ಹಾಕೂಣು.”

“ಮೊದಲ ನಿನ್ನ ಹೆಸರು, ಇಷ್ಟ ದೊಡ್ಡದು,” ಎಂದು ಆಬಾಸಾಹೇಬರು ಹೆಬ್ಬೆರಳು ತೋರಿಸಿದರು.

ಯಂತ್ರ ಅತ್ತಿತ್ತ ಓಡಾಡಿ ಹಾಳೆಯನ್ನು ಹೊರಗೆ ಚಾಚಿತು. ಅದರ ತಲೆ ಬಲಗಡೆಗೆ ಸರಿದು, ಅವರ ಹಳೆಯ ಡಬ್ಬಿಯ ಮೇಲೆ ಟಕ್ಕೆಂದು ಕೂತಿತು. ಆಬಾಸಾಹೇಬರು ಸುಣ್ಣದ ಪೊಟ್ಟಣ ಬಿಚ್ಚಿದರು. ಒಣಗಿತ್ತು. ಅಂಗೈಗೆ ಒಂದು ಹನಿ ನೀರು ಹಾಕಿಕೊಂಡು ತಿಕ್ಕತೊಡಗಿದರು.