ಒದ್ದೆ ಮದ್ದಿನ ಕಥೆಗಳು

ಮೆಲಿಶಾ ಗಂಡನಿಗೆ ಹಡಗು ಮುಳುಗಿಸಲಾರದ ಮೈನುಗಳ ಕಥೆಗಳನ್ನಷ್ಟೇ ಹೇಳುತ್ತಿದ್ದಳು.

ಗಂಡ ಶೇನ್ ತೈಲದ ಹಡಗೊಂದರಲ್ಲಿ ಇಂಜಿನಿಯರ್. ಮುಂದಿನ ದಾರಿಯಲ್ಲಿ ಯಾರೋ ನೀರೊಳಗೆ ಮೈನು, ಅಂದರೆ ಹಡಗು ತಾಗಿದರೆ ಸಿಡಿಯುವ ಬಾಂಬು, ಹುದುಗಿಸಿದ್ದಾರೆಂಬ ಸುದ್ದಿ ಹಬ್ಬಿ, ಹಡಗು ಹದಿನೆಂಟು ದಿನಗಳಿಂದ ಲಂಗರು ಹಾಕಿ ನಿಂತಿತ್ತು. ಕೊಲ್ಲಿ ದೇಶದ ಫಿಂಟಾಸ್ ಊರಿನಲ್ಲಿದ್ದ ಅವಳ ಫ್ಲ್ಯಾಟಿನ ಕಿಟಕಿಗೆ ಕಾಣುವುದೂ ಅದೇ ಸಮುದ್ರ, ಕಾಣದವನು ಅವನೊಬ್ಬನೇ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದರೆ ಮಾತಿಗೆ ಗೋಡೆಗಳೇ ಗತಿ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರಲ್ಲ, ಅವಳು ಹತ್ತೊಂಬತ್ತನೇ ಶತಮಾನದ ನೌಕಾಯುದ್ಧಗಳ ಪುಸ್ತಕವೊಂದನ್ನು ಹಿಡಿದುಕೊಂಡಳು.

ಬಾಲ್ಟಿಕ್ ಸಮುದ್ರದಲ್ಲಿ ರಷ್ಯನ್ನರ ಮೈನಿಗೆ ಬ್ರಿಟಿಷ್ ಹಡಗು ತಾಗಿ, ಒಡೆದದ್ದು ಹಡಗಿನೊಳಗಿನ ಪಿಂಗಾಣಿ ಪಾತ್ರೆಗಳು ಮಾತ್ರವಂತೆ. ಅಮೆರಿಕದಲ್ಲಿ ಬಿಯರ್ ಪೀಪಾಯಿಗೆ ಮದ್ದು ತುಂಬಿ ನೀರಿಗಿಳಿಸಿದರೆ, ಎಷ್ಟೋ ಪೀಪಾಯಿಗಳಲ್ಲಿ ಮದ್ದು ಒದ್ದೆಯಾಗಿ ಠುಸ್ ಆಯಿತಂತೆ. ಫೋನಿನಲ್ಲಿ ಶೇನ್ ನಗುತ್ತಿದ್ದ. ಆ ನಗು ಕೇಳಿದ ದಿನ ಅವಳಿಗೆ ಊಟ ಸೇರುತ್ತಿತ್ತು.

ಒಂದು ಪುಟವನ್ನು ಮಾತ್ರ ಮುಚ್ಚಿಟ್ಟಿದ್ದಳು. ೧೮೬೪ರಲ್ಲಿ ಒಂದೇ ಮೈನಿಗೆ ಕಬ್ಬಿಣದ ಹಡಗೊಂದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಳುಗಿತ್ತು. ಸತ್ತವರಲ್ಲಿ ಒಬ್ಬ ಇಂಜಿನಿಯರ್, ಆಸ್ಪತ್ರೆಯ ಹಾಸಿಗೆಯಿಂದೆದ್ದು ಕೆಲಸಕ್ಕೆ ಬಂದಿದ್ದವನು.

ಅಲ್ಲಿನ ವಾರದ ರಜೆಯಾದ ಶುಕ್ರವಾರ ಚರ್ಚಿನಿಂದ ಬರುವಷ್ಟರಲ್ಲಿ ಶೇನ್ ಫೋನ್ ಬಂತು.

"ಜ್ವರ ನೂರೆರಡು ಉಂಟು. ಬೇಕಾದ್ರೆ ಇವತ್ತೇ ಬೋಟಲ್ಲಿ ದಡಕ್ಕೆ ಹೋಗು ಅಂತಾರೆ ಕ್ಯಾಪ್ಟನ್. ಮೈನು ಇದ್ರೂ ಇಲ್ಲದಿದ್ರೂ ಹಡಗು ನಾಳೆ ಹೊರಡ್ತದೆ. ಎಂಥ ಮಾಡುದು ಗೊತ್ತಾಗುದಿಲ್ಲ ಮಾರಾಯ್ತಿ."

ಬಾ ಎಂದರೆ ಬರುವ ಜಾತಿಯವನಲ್ಲ ಅವನು. ಹೆದರಿಸಿಯೇ ಬರಿಸಬೇಕು ಎಂದುಕೊಂಡು ಮೆಲಿಶಾ ಆ ಪುಟ ತೆರೆದಳು. ಒಂದಕ್ಷರ ಬಿಡದೆ ಓದಿದಳು. ಇಂಜಿನಿಯರನ ಸಾಲನ್ನು ಎರಡು ಸಲ ಓದಿದಳು.

ಶೇನ್ ನಗಲಿಲ್ಲ. ಒಂದು ಪ್ರಶ್ನೆ ಕೇಳಿದ:

"ಆ ಇಂಜಿನಿಯರ್ ಆಸ್ಪತ್ರೆಯಲ್ಲೇ ಮಲಗಿದ್ರೆ, ಅವನ ಜಾಗದಲ್ಲಿ ಯಾರು ಇರ್ತಿದ್ರು?"

"ಪುಸ್ತಕದಲ್ಲಿ ಇಲ್ಲ."

"ಇಲ್ಲಿ ಸೈಮನ್ ಇರ್ತಾನೆ. ಹೋದ ತಿಂಗಳು ಸೇರಿದವ. ಈ ಇಂಜಿನ್ ಅವನಿಗೆ ಇನ್ನೂ ಸರಿ ಗೊತ್ತಿಲ್ಲ."

"ಶೇನ್, ನಾನು ಓದಿದ್ದು ಅದಕ್ಕಲ್ಲ."

"ಗೊತ್ತುಂಟು. ಮಾತ್ರೆ ತಗೊಂಡಿದ್ದೇನೆ, ಜ್ವರ ಇಳೀತದೆ. ನಾನು ದಡಕ್ಕೆ ಬರುದಿಲ್ಲ."

ಫೋನ್ ಇಟ್ಟ ಮೇಲೂ ಅವಳು ನಿಂತೇ ಇದ್ದಳು. ಪುಟ ಓದುವ ತನಕ ಅವನು ಯಾವುದನ್ನೂ ತೀರ್ಮಾನಿಸಿರಲಿಲ್ಲ. ತೀರ್ಮಾನ ಮಾಡಿಸಿದವಳು ತಾನೇ. ಇದನ್ನು ಈಗಲೇ ಯಾರಿಗಾದರೂ ಹೇಳಿಕೊಳ್ಳಬೇಕು ಎನಿಸಿತು. ಹೇಳಿಕೊಳ್ಳಲು ಅವಳಿಗಿದ್ದವನು ಶೇನ್ ಒಬ್ಬನೇ.